ಹೊರದೇಶಕ್ಕೆ ಹೊರಟ ಬೀದಿ ಮರಿ: ಏಳು ತಿಂಗಳು ಸಾಕುವವರು ಯಾರು?

ವರದಮೂಲ (ಸಾಗರ): ವರದಾ ನದಿ ಹುಟ್ಟುವ ಇಲ್ಲಿನ ತೀರ್ಥದ ಮೆಟ್ಟಿಲ ಬಳಿ ಯಾರೋ ಬಿಟ್ಟುಹೋದ ನಾಯಿಮರಿಯೊಂದು ಕುಂಯ್‌ಗುಡುತ್ತ ಕುಳಿತಿದೆ ಎನ್ನಿ. ಮೂರು ವಾರದ ರಜೆಗೆ ಲಂಡನ್ನಿನಿಂದ ಊರಿಗೆ ಬಂದ ಮಗಳು ಅದನ್ನು ಎತ್ತಿಕೊಂಡು ಮನೆಗೆ ತರುತ್ತಾಳೆ. ಹಾಲು ಕುಡಿದ ಮರಿ ಮಡಿಲಲ್ಲೇ ನಿದ್ದೆ ಹೋಗುತ್ತದೆ. ‘ಇದನ್ನು ನಾನೇ ಕರೆದುಕೊಂಡು ಹೋಗುತ್ತೇನೆ’ ಎಂಬ ಮಾತು ಹುಟ್ಟುವುದು ಆಗಲೇ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮಕ್ಕಳು ವಿದೇಶದಲ್ಲಿರುವ ಯಾವ ಮನೆಯಲ್ಲಾದರೂ ಈ ಮಾತು ಬರಬಹುದು.

ಆದರೆ ಮರಿಯು ಮರಿಯಾಗಿರುವಾಗಲೇ ವಿಮಾನ ಹತ್ತಲಾರದು. ಇದಕ್ಕೆ ಕಾರಣ ರೇಬೀಸ್. ಜಗತ್ತಿನಲ್ಲಿ ಈ ರೋಗದಿಂದ ಸಾಯುವವರಲ್ಲಿ ಸುಮಾರು ಮೂರನೆಯ ಒಂದು ಭಾಗ ಭಾರತೀಯರೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೀಗಾಗಿ ಭಾರತದಿಂದ ಹೊರಡುವ ಪ್ರತಿ ನಾಯಿಯನ್ನೂ ಅನ್ಯದೇಶಗಳು ಅನುಮಾನದಿಂದಲೇ ನೋಡುತ್ತವೆ.

ಬ್ರಿಟನ್ನಿನ ನಿಯಮವನ್ನೇ ನೋಡೋಣ. ಮೊದಲು ಮರಿಯ ಚರ್ಮದಡಿ ಮೈಕ್ರೋಚಿಪ್ ಹಾಕಿಸಬೇಕು. 12 ವಾರ ತುಂಬಿದ ಮೇಲೆ ರೇಬೀಸ್ ಲಸಿಕೆ. ಅದಕ್ಕಿಂತ ಮೊದಲು ಹಾಕಿದರೆ ತಾಯಿಯಿಂದ ಬಂದ ರೋಗನಿರೋಧಕ ಅಂಶಗಳೇ ಲಸಿಕೆಗೆ ಅಡ್ಡಬರುತ್ತವೆ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ನಂತರ ರಕ್ತ ತೆಗೆದು, ಲಸಿಕೆ ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ಫಲಿತಾಂಶ ಸರಿಯಿದ್ದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು. ಲಸಿಕೆಗೆ ಮೊದಲೇ ಸೋಂಕು ತಗುಲಿದ್ದರೆ ರೋಗಲಕ್ಷಣ ಹೊರಬೀಳಲಿ ಎಂಬುದಕ್ಕೆ ಈ ಅವಧಿ. ಎಲ್ಲ ಕೂಡಿಸಿದರೆ ಮರಿಗೆ ಸುಮಾರು ಏಳು ತಿಂಗಳು. ಕೊನೆಗೆ ಅದು ಬ್ರಿಟನ್ನಿನಲ್ಲಿ ಇಳಿಯುವುದೂ ಸಹಪ್ರಯಾಣಿಕನಾಗಿ ಅಲ್ಲ, ಸರಕಾಗಿ.

ಅಮೆರಿಕ 2024ರ ಆಗಸ್ಟ್ 1ರಿಂದ ಆರು ತಿಂಗಳೊಳಗಿನ ಯಾವ ನಾಯಿಯನ್ನೂ ಬಿಟ್ಟುಕೊಳ್ಳುತ್ತಿಲ್ಲ. ಭಾರತ ಅಲ್ಲಿನ ‘ಹೆಚ್ಚು ಅಪಾಯದ ದೇಶ’ಗಳ ಪಟ್ಟಿಯಲ್ಲಿರುವುದರಿಂದ ಇಲ್ಲಿ ಲಸಿಕೆ ಪಡೆದ ನಾಯಿ ನೋಂದಾಯಿತ ಆರೈಕೆ ಕೇಂದ್ರವಿರುವ ಕೆಲವೇ ವಿಮಾನ ನಿಲ್ದಾಣಗಳಲ್ಲಿ ಇಳಿಯಬೇಕು. ಈ ಬಿಗಿಗೆ ಹಿನ್ನೆಲೆಯಿದೆ. 2021ರ ಜೂನ್‌ನಲ್ಲಿ ಅಜರ್‌ಬೈಜಾನಿನಿಂದ 33 ನಾಯಿಗಳನ್ನು ದತ್ತು ಕೊಡುವುದಕ್ಕಾಗಿ ಷಿಕಾಗೋಗೆ ತರಲಾಗಿತ್ತು. ಕಾಗದಪತ್ರವೆಲ್ಲ ಇದ್ದರೂ ಅವುಗಳಲ್ಲೊಂದು, ಪೆನ್ಸಿಲ್ವೇನಿಯದ ಹೊಸ ಮನೆ ಸೇರಿದ ಕೆಲವೇ ದಿನಗಳಲ್ಲಿ, ರೇಬೀಸ್‌ಗೆ ತುತ್ತಾಯಿತು. ಕರುಣೆಯಿಂದ ಹೊರಟ ಕೆಲಸ ಎಷ್ಟು ಮನೆಗಳನ್ನು ಆತಂಕಕ್ಕೆ ದೂಡಿರಬೇಕು, ಊಹಿಸಬಹುದು.

ಕೆನಡಾ ಬಾಗಿಲನ್ನೇ ಹಾಕಿತು. 2022ರ ಸೆಪ್ಟೆಂಬರ್ 28ರಿಂದ ಭಾರತವೂ ಸೇರಿದಂತೆ ನೂರಕ್ಕೂ ಹೆಚ್ಚು ದೇಶಗಳ ‘ವಾಣಿಜ್ಯ’ ನಾಯಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಓದುಗರು ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ: ದತ್ತು ಕೊಡಲೆಂದು ಕಳಿಸುವ ನಾಯಿಯೂ ಆ ಕಾನೂನಿನ ಕಣ್ಣಿಗೆ ವಾಣಿಜ್ಯದ ನಾಯಿಯೇ, ಬಿಡಿಗಾಸು ಪಡೆಯದಿದ್ದರೂ. ಮಾಲೀಕನೊಡನೆ ಹೋಗುವ ಸ್ವಂತ ಸಾಕುನಾಯಿಗೆ ಮಾತ್ರ ಬೇರೆ ನಿಯಮ.

ಇನ್ನು ವರದಮೂಲದ ಮರಿಗೆ ಬರೋಣ. ಮಗಳ ರಜೆ ಮುಗಿಯುವ ಹೊತ್ತಿಗೆ ಅದಕ್ಕೆ ಲಸಿಕೆಯ ವಯಸ್ಸೇ ಆಗಿರಲಿಕ್ಕಿಲ್ಲ. ಮುಂದಿನ ತಿಂಗಳುಗಳ ಹೊಣೆ ಮನೆಯಲ್ಲಿ ಉಳಿದ ಅಪ್ಪ-ಅಮ್ಮನದು. ಅವರಿಗೆ ಅರವತ್ತೋ ಎಪ್ಪತ್ತೋ ದಾಟಿರುತ್ತದೆ; ಹೊರಗೆ ಮಳೆಗಾಲ. ಬೆಳೆಯುವ ನಾಯಿಯನ್ನು ತೋಟದಲ್ಲಿ ಬಿಡೋಣವೆಂದರೆ ಚಿರತೆಯ ಭಯ, ಕಟ್ಟಿಹಾಕಿದರೆ ರಾತ್ರಿಯೆಲ್ಲ ಊಳು. ಮೇಲೆ ಉಣುಗಿನ ಕಾಟ ಬೇರೆ. (ಉಣುಗು ಎಂದೊಡನೆ ಈ ಭಾಗದವರಿಗೆ 2018-19ರಲ್ಲಿ ಅರಳಗೋಡನ್ನು ಕಾಡಿದ ಮಂಗನ ಕಾಯಿಲೆ ನೆನಪಾಗುತ್ತದೆ. ನಾಯಿಗೆ ಉಣುಗಿನಿಂದ ಬರುವ ಎರ್ಲಿಕಿಯಾ, ಬಬೇಸಿಯಾ ಬೇರೆ ಕಾಯಿಲೆಗಳು. ಅವೂ ಜೀವಕ್ಕೆ ಎರವಾಗಬಲ್ಲವು.) ಚಿಕಿತ್ಸೆ ದೊಡ್ಡದಾದರೆ ಸಾಗರದಿಂದ 70 ಕಿ.ಮೀ. ಆಚೆಗೆ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯಬೇಕಾದೀತು. ರಕ್ತಪರೀಕ್ಷೆಗೆ ಹೋಗಬೇಕಾದ ದೇಶ ಒಪ್ಪಿರುವ ಪ್ರಯೋಗಾಲಯದ ವರದಿಯೇ ಬೇಕು. ಹೊರಡುವ ಮುನ್ನ ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಕಚೇರಿಯ ಆರೋಗ್ಯ ಪ್ರಮಾಣಪತ್ರವೂ ಆಗಬೇಕು. ಪಂಜರ, ಸರಕು ಸಾಗಣೆ ಎಲ್ಲ ಸೇರಿದರೆ ವೆಚ್ಚ ಲಕ್ಷದ ಲೆಕ್ಕಕ್ಕೆ ಹೋಗುತ್ತದೆ.

ನಡುದಾರಿಯಲ್ಲಿ ಕೈಬಿಟ್ಟರೆ ನಷ್ಟವಾಗುವುದು ನಾಯಿಗೆ. ಮನೆಯ ಅನ್ನಕ್ಕೆ ಒಗ್ಗಿದ ಆರು ತಿಂಗಳ ನಾಯಿಯನ್ನು ಮತ್ತೆ ಪೇಟೆ ಬೀದಿಗೆ ಬಿಟ್ಟರೆ ಅಲ್ಲಿನ ಹಿಂಡು ಸೇರಿಸಿಕೊಳ್ಳುವುದಿಲ್ಲ. ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶ ದತ್ತು ಪಡೆಯಲು ಅವಕಾಶ ಕೊಟ್ಟಿತು. ದತ್ತು ಹೋದ ನಾಯಿ ಮರಳಿ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ದತ್ತು ಪಡೆದವರ ಹೊಣೆ ಎಂದೂ ಸ್ಪಷ್ಟಪಡಿಸಿತು.

ಹಾಗೆಂದು ಯಾರೂ ಕೊಂಡೊಯ್ಯಬಾರದೆಂದಲ್ಲ. ಏಳು ತಿಂಗಳು ಸಾಕಲು ಮನಸ್ಸೂ ಮೈಯಲ್ಲಿ ಶಕ್ತಿಯೂ ಇರುವವರು ಇಲ್ಲಿ ಸಿಕ್ಕರೆ ಕೆಲಸ ಆದೀತು. ಅಂಥವರು ಸಿಕ್ಕಾಗ ಮಾತ್ರ ಇನ್ನೊಂದು ಪ್ರಶ್ನೆ ಏಳುತ್ತದೆ: ಅಷ್ಟು ದಿನ ಸಾಕಿದವರೇ ಅದನ್ನು ಇಟ್ಟುಕೊಳ್ಳಬಾರದೇಕೆ? ಮಗಳು ವಿಮಾನದ ಸರಕಿಗೆ ಸುರಿಯುವ ಹಣದ ಒಂದು ಪಾಲು ಇಲ್ಲಿನ ಲಸಿಕೆಗೆ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಸಾಕು. ಲಂಡನ್ನಿನಲ್ಲೂ ಮನೆಯಿಲ್ಲದ ನಾಯಿಗಳಿಗೇನೂ ಕೊರತೆಯಿಲ್ಲ.

ಕೊಂಡೊಯ್ಯುವುದೇ ನಿಶ್ಚಯವಾದರೆ ಒಂದು ಕ್ರಮ ತಪ್ಪಬಾರದು: ಮೊದಲು ಚಿಪ್, ಆಮೇಲೆ ಲಸಿಕೆ. ಚಿಪ್ ಇಲ್ಲದೆ ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ ಲಸಿಕೆ, ಮತ್ತೆ 30 ದಿನ, ಮತ್ತೆ ಮೂರು ತಿಂಗಳು.