ಆಕರಕೋಶ ಸಂಶೋಧನೆ: ವಿಜ್ಞಾನ ಧರ್ಮಗಳ ವಾದವು ಬೆಂಗಳೂರಿಗೆ ಬಂದ ಬಗೆ

೨೦೦೧ನೆಯ ಇಸವಿ ಆಗಸ್ಟ್ ೯ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರು ತಮ್ಮ ದೇಶದ ಜನರನ್ನು ಉದ್ದೇಶಿಸಿ ಒಂದು ಭಾಷಣ ಮಾಡಿದರು. ಮಾನವ ಭ್ರೂಣದಿಂದ ಪಡೆದ ಆಕರಕೋಶಗಳ ಸಂಶೋಧನೆಗೆ ಸರ್ಕಾರದ ಹಣವನ್ನು ಎಷ್ಟರ ಮಟ್ಟಿಗೆ ಕೊಡಬಹುದೆಂಬುದೇ ಅದರ ವಿಷಯ. ಆ ದಿನಕ್ಕೆ ಮೊದಲೇ ಸಿದ್ಧವಾಗಿದ್ದ ಕೋಶಸಂತತಿಗಳ ಮೇಲೆ ಸಂಶೋಧನೆ ನಡೆಸುವವರಿಗೆ ಹಣ ದೊರೆಯುವುದು, ಮುಂದೆ ಹೊಸದಾಗಿ ಭ್ರೂಣಗಳನ್ನು ಒಡೆದು ಪಡೆಯುವ ಸಂತತಿಗಳಿಗೆ ದೊರೆಯಲಾರದು ಎಂಬುದು ಅವರ ನಿರ್ಣಯವಾಗಿದ್ದಿತು. ಅದೇ ತಿಂಗಳ ೨೭ರಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಅರ್ಹ ಸಂತತಿಗಳ ಪಟ್ಟಿಯನ್ನು ಪ್ರಕಟಿಸಿತು. ಐದು ದೇಶಗಳ ಹತ್ತು ಪ್ರಯೋಗಶಾಲೆಗಳಲ್ಲಿದ್ದ ೬೪ ಸಂತತಿಗಳು ಆ ಪಟ್ಟಿಯಲ್ಲಿದ್ದವು. ಅವುಗಳ ಪೈಕಿ ೭ ಮುಂಬಯಿಯ ರಿಲಯನ್ಸ್ ಲೈಫ್ ಸೈನ್ಸಸ್ ಸಂಸ್ಥೆಯವು. ೩ ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು.

ಟೆಕ್ಸಾಸಿನಲ್ಲಿ ಕುಳಿತು ಒಬ್ಬ ರಾಷ್ಟ್ರಾಧ್ಯಕ್ಷರು ತಮ್ಮ ಮತಶ್ರದ್ಧೆಗೂ ರೋಗಿಗಳ ಬೇಡಿಕೆಗೂ ನಡುವೆ ಎಳೆದ ಗೆರೆಯು ಬಳ್ಳಾರಿ ರಸ್ತೆಯ ಒಂದು ಪ್ರಯೋಗಶಾಲೆಯ ಶೀತಪಾತ್ರೆಯನ್ನು ಹಾಯ್ದುಹೋದುದು ಇತಿಹಾಸದ ಅಧ್ಯಾಪಕರಾದ ನಮಗೆ ವಿಚಾರಾರ್ಹವೆಂದು ತೋರಿದೆ. ಈ ವಾದವನ್ನು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪಾಶ್ಚಾತ್ಯರ ವಾದವೆಂದೇ ಬೋಧಿಸುತ್ತೇವೆ. ಅದು ಇಲ್ಲಿಗೆ ಬಂದಾಗ ಏನಾಯಿತೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಜ್ಞಾನದ ಮಾತನ್ನು ಸಂಗ್ರಹವಾಗಿ ಹೇಳಬೇಕು. ಕೆಲವರು ಕಾಂಡಕೋಶವೆಂದೂ ಕರೆಯುವ ಆಕರಕೋಶವು ತನ್ನಂತಹ ಕೋಶಗಳನ್ನು ಮತ್ತೆ ಮತ್ತೆ ಹುಟ್ಟಿಸಬಲ್ಲದು. ಅಂತೆಯೇ ವಿಶಿಷ್ಟ ಕಾರ್ಯವುಳ್ಳ ಬೇರೆ ಕೋಶವಾಗಿ ಮಾರ್ಪಡಬಲ್ಲದು. ವಯಸ್ಕರ ಅಸ್ಥಿಮಜ್ಜೆಯಲ್ಲಿರುವ ಆಕರಕೋಶವು ರಕ್ತದ ಕೋಶಗಳನ್ನು ಕೊಡುತ್ತದೆ. ಅದರ ವ್ಯಾಪ್ತಿ ಅಷ್ಟೆ. ಗರ್ಭಾಂಕುರವಾದ ಐದಾರು ದಿನಗಳ ಭ್ರೂಣವಾದರೋ ಬರಿಗಣ್ಣಿಗೆ ಚುಕ್ಕೆಯಷ್ಟಾಗಿ ಕಾಣುವ ಟೊಳ್ಳು ಗೋಳ. ಅದರ ಒಳಗಿನ ಕೋಶಗುಚ್ಛವು ದೇಹದ ಯಾವ ಅಂಗದ ಕೋಶವಾದರೂ ಆಗಬಲ್ಲ ಶಕ್ತಿಯುಳ್ಳದ್ದು. ಇಲಿಯ ಭ್ರೂಣದಿಂದ ಇಂತಹ ಕೋಶಗಳನ್ನು ೧೯೮೧ರಲ್ಲಿ ಬೇರ್ಪಡಿಸಿದ್ದರು. ಮಾನವ ಭ್ರೂಣದಿಂದ ೧೯೯೮ರಲ್ಲಿ ವಿಸ್ಕಾನ್ಸಿನ್ನಿನ ಜೇಮ್ಸ್ ಥಾಮ್ಸನ್ ಮತ್ತು ಸಂಗಡಿಗರು ಬೇರ್ಪಡಿಸಿದರು. ಕೋಶಗುಚ್ಛವನ್ನು ಹೊರತೆಗೆದರೆ ಭ್ರೂಣವು ಉಳಿಯದು. ವಾದವೆಲ್ಲವೂ ಹುಟ್ಟಿದ್ದು ಈ ಒಂದು ಸಂಗತಿಯಿಂದ.

ಕ್ಯಾಥೊಲಿಕ್ ಧರ್ಮಪೀಠದ ನಿಲುವು ಸ್ಪಷ್ಟವಾದುದು. ಗರ್ಭಾಂಕುರವಾದ ಕ್ಷಣದಿಂದಲೇ ಭ್ರೂಣವನ್ನು ವ್ಯಕ್ತಿಯೆಂಬಂತೆ ಗೌರವಿಸತಕ್ಕದ್ದೆಂದು ೧೯೮೭ರ ಬೋಧನಪತ್ರವೂ, ಅದನ್ನೇ ಮುಂದುವರಿಸಿ ೨೦೦೮ರ ಪತ್ರವೂ ಹೇಳುತ್ತವೆ. ಆದರೆ ಆ ಧರ್ಮಪೀಠವು ಆಕರಕೋಶ ವಿಜ್ಞಾನವನ್ನೇ ಅಲ್ಲಗಳೆಯಿತೆಂದು ಬರೆಯುವವರು ತಪ್ಪುತ್ತಾರೆ. ವಯಸ್ಕರ ದೇಹದಿಂದಲೋ ಹೊಕ್ಕುಳಬಳ್ಳಿಯ ರಕ್ತದಿಂದಲೋ ಪಡೆದ ಕೋಶಗಳಿಗೆ ಅದರ ಆಕ್ಷೇಪವಿಲ್ಲ. ಜೀವಂತ ಭ್ರೂಣವನ್ನು ನಾಶಪಡಿಸುವುದಕ್ಕೆ ಮಾತ್ರ ಇದೆ. ಇದು ನಮಗೆ ದೂರದ ಮಾತೂ ಅಲ್ಲ. ೧೯೬೩ರಲ್ಲಿ ಆರಂಭವಾದ ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನದ ಸಂಸ್ಥೆ. ನಾವು ವಾಸಿಸುವ ಹುಳಿಮಾವಿನಿಂದ ಬನ್ನೇರುಘಟ್ಟ ರಸ್ತೆಯನ್ನು ಹಿಡಿದು ಉತ್ತರಾಭಿಮುಖವಾಗಿ ಹೊರಟವರು, ಒಂದು ಕಡೆ ಪ್ರನಾಳ ಶಿಶುವಿನ ಚಿಕಿತ್ಸಾಲಯಗಳ ಫಲಕಗಳನ್ನು ನೋಡುತ್ತ ಸಾಗಿ, ಕೊನೆಯಲ್ಲಿ ಬಲಕ್ಕೆ ತಿರುಗಿದರೆ ಆ ಕಾಲೇಜನ್ನು ಸೇರುತ್ತಾರೆ. ವಾದದ ಎರಡು ಪಕ್ಷಗಳೂ ಒಂದೇ ಬಸ್ಸಿನ ದಾರಿಯಲ್ಲಿವೆ.

ಇಸ್ಲಾಮಿನ ಧರ್ಮಶಾಸ್ತ್ರಜ್ಞರಲ್ಲಿ ಅನೇಕರು ಗರ್ಭಸ್ಥ ಶಿಶುವಿನಲ್ಲಿ ಆತ್ಮಪ್ರವೇಶವು ೧೨೦ನೆಯ ದಿನ ಆಗುವುದೆಂದು ಎಣಿಸುತ್ತಾರೆ. ಕೆಲವರು ೪೦ನೆಯ ದಿನವೆನ್ನುತ್ತಾರೆ. ಮೆಕ್ಕಾದಲ್ಲಿ ೨೦೦೩ರಲ್ಲಿ ಸೇರಿದ ಫಿಕ್ಹ್ ಅಕಾಡೆಮಿಯು ಪ್ರನಾಳ ಚಿಕಿತ್ಸೆಯಲ್ಲಿ ಮಿಕ್ಕುಳಿದ ಭ್ರೂಣಗಳಿಂದ, ದಂಪತಿಗಳ ಒಪ್ಪಿಗೆ ಪಡೆದು, ಆಕರಕೋಶ ತೆಗೆಯುವುದನ್ನು ಸಮ್ಮತಿಸಿತು. ಯೆಹೂದಿ ಸಂಪ್ರದಾಯದಲ್ಲಿಯೂ ಮೊದಲ ೪೦ ದಿನಗಳಿಗೆ ಬೇರೆ ಎಣಿಕೆಯುಂಟು. ಆದಕಾರಣ ‘ಧರ್ಮ’ವೆಂಬ ಒಂದೇ ಪಕ್ಷವು ‘ವಿಜ್ಞಾನ’ವೆಂಬ ಒಂದೇ ಪಕ್ಷದೊಡನೆ ಹೋರಾಡುತ್ತಿದೆಯೆಂಬ ಚಿತ್ರವು ಇತಿಹಾಸದ ದೃಷ್ಟಿಯಿಂದ ನಿಲ್ಲಲಾರದು.

ಇನ್ನು ನಮ್ಮ ಗ್ರಂಥಗಳ ಮಾತು. ಇಲ್ಲಿ ಸ್ವಲ್ಪ ನಿಂತು ನೋಡುವುದು ಅವಶ್ಯಕ; ಏಕೆಂದರೆ ‘ಹಿಂದೂ ಧರ್ಮಕ್ಕೆ ಈ ವಿಷಯದಲ್ಲಿ ಆಕ್ಷೇಪವಿಲ್ಲ’ ಎಂಬ ವಾಕ್ಯವನ್ನು ವಿದೇಶದ ಪುಸ್ತಕಗಳಲ್ಲಿ ಮಾತ್ರವಲ್ಲದೆ ನಮ್ಮವರ ಬರಹಗಳಲ್ಲಿಯೂ ಆಧಾರವಿಲ್ಲದೆ ಬಳಸುತ್ತಾರೆ. ಚರಕಸಂಹಿತೆಯ ಶಾರೀರಸ್ಥಾನವು ಶುಕ್ರ, ಶೋಣಿತ, ಜೀವ ಇವು ಮೂರೂ ಕುಕ್ಷಿಯಲ್ಲಿ ಕೂಡಿದಾಗ ಅದಕ್ಕೆ ಗರ್ಭವೆಂಬ ಸಂಜ್ಞೆಯನ್ನು ಕೊಡುತ್ತದೆ. ಇದರ ಪ್ರಕಾರ ಜೀವವು ಆರಂಭದಲ್ಲಿಯೇ ಇದೆ. ಇಷ್ಟನ್ನೇ ಹಿಡಿದರೆ ಚರಕನು ರೋಮಿನ ಪಕ್ಷಕ್ಕೆ ಸಮೀಪನಾಗುತ್ತಾನೆ. ಆದರೆ ಕುಕ್ಷಿಯಲ್ಲಿ ಎಂಬ ಪದವೂ ಅಲ್ಲಿದೆ. ಗಾಜಿನ ಬಟ್ಟಲಿನಲ್ಲಿರುವ ಭ್ರೂಣವು ಈ ಲಕ್ಷಣಕ್ಕೆ ಒಳಪಡುವುದೇ ಎಂದು ಕೇಳಿದರೆ ಗ್ರಂಥವು ಉತ್ತರಿಸದು. ಕೇಳುವ ಸಂದರ್ಭವೇ ಅಂದಿಗಿರಲಿಲ್ಲ. ಸುಶ್ರುತಸಂಹಿತೆಯಾದರೋ ನಾಲ್ಕನೆಯ ತಿಂಗಳಲ್ಲಿ ಹೃದಯವು ವ್ಯಕ್ತವಾಗುವುದರಿಂದ ಚೇತನಧಾತುವೂ ಆಗ ವ್ಯಕ್ತವಾಗುತ್ತದೆಂದು ಹೇಳುತ್ತದೆ. ಧರ್ಮಶಾಸ್ತ್ರಗಳು ಗರ್ಭಹತ್ಯೆಯನ್ನು ಮಹಾಪಾತಕಗಳ ಸಾಲಿನ ಸಮೀಪದಲ್ಲಿರಿಸಿ ಪ್ರಾಯಶ್ಚಿತ್ತ ವಿಧಿಸುತ್ತವೆ. ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತ ಪ್ರಕರಣಕ್ಕೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಕನ್ನಡ ನಾಡಿನ ನಡುವೆಯೇ. ಹೀಗಿರಲಾಗಿ ಆಕ್ಷೇಪವಿಲ್ಲವೆಂಬ ಮಾತು ಅವಸರದ್ದು. ನಮ್ಮಲ್ಲಿ ಇಂತಹ ವಿಷಯಗಳಿಗೆ ನಿರ್ಣಯ ಕೊಡುವ ಏಕಪೀಠವಿಲ್ಲ. ಪೀಠವಿಲ್ಲದ್ದನ್ನು ಆಕ್ಷೇಪವಿಲ್ಲದ್ದೆಂದು ಭಾವಿಸಿದ್ದಾರೆ.

ಇದಕ್ಕಿಂತಲೂ ಹೆಚ್ಚು ಪ್ರಚಾರ ಪಡೆದದ್ದು ಮತ್ತೊಂದು ಬಗೆಯ ವಾದ. ೨೦೧೯ರ ಜನವರಿಯಲ್ಲಿ ಜಲಂಧರದಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಆಂಧ್ರ ವಿಶ್ವವಿದ್ಯಾನಿಲಯದ ಅಂದಿನ ಕುಲಪತಿಗಳು ಕೌರವರು ಹುಟ್ಟಿದ್ದು ಆಕರಕೋಶ ವಿದ್ಯೆಯಿಂದಲೆಂದು ಭಾಷಣ ಮಾಡಿದರು. ಆದಿಪರ್ವದ ಕಥೆ ವಾಚಕರಿಗೆ ತಿಳಿದದ್ದೇ. ಎರಡು ವರ್ಷ ಹೊತ್ತ ಗರ್ಭವನ್ನು ಗಾಂಧಾರಿಯು ಕುಂತಿಗೆ ಮಗನಾದನೆಂಬ ವಾರ್ತೆ ಕೇಳಿ ಹೊಡೆದುಕೊಂಡಳು. ಕಬ್ಬಿಣದ ಉಂಡೆಯಂತಹ ಮಾಂಸಪಿಂಡ ಬಿದ್ದಿತು. ವ್ಯಾಸರ ಮಾತಿನಂತೆ ತಣ್ಣೀರು ಚಿಮುಕಿಸಲು ಅದು ನೂರೊಂದು ಭಾಗವಾಯಿತು. ಒಂದೊಂದನ್ನೂ ತುಪ್ಪದ ಕೊಡದಲ್ಲಿರಿಸಿದರು. ಕಥೆಯ ಕಲ್ಪನಾಶಕ್ತಿಗೆ ನಾವೂ ತಲೆಬಾಗುತ್ತೇವೆ. ಆದರೆ ಒಂದು ವಿದ್ಯೆಯು ಒಂದು ಕಾಲದಲ್ಲಿ ಇದ್ದಿತೆಂದು ಹೇಳಬೇಕಾದರೆ ಅದರ ಉಪಕರಣ, ಅದರ ಪರಿಭಾಷೆ, ಅದನ್ನು ಕಲಿಸಿದ ಪರಂಪರೆ ಇವುಗಳಲ್ಲಿ ಒಂದಾದರೂ ಉಳಿದಿರಬೇಕೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಜೀವಕೋಶವೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಹೆಸರಿಟ್ಟದ್ದು ೧೬೬೫ರಲ್ಲಿ. ಸಕಲ ಜೀವಿಗಳೂ ಕೋಶಗಳಿಂದಾದುವೆಂಬ ಸಿದ್ಧಾಂತ ನೆಲೆಗೊಂಡದ್ದು ೧೮೩೮–೩೯ರಲ್ಲಿ. ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿದ್ದ ಕೆ. ವಿಜಯರಾಘವನ್ ಅವರು ಈ ಭಾಷಣವನ್ನು ಬಹಿರಂಗವಾಗಿ ಆಕ್ಷೇಪಿಸಿದರು. ೨೦೦೧ರಲ್ಲಿ ಬೆಂಗಳೂರಿನ ಆ ಜೀವವಿಜ್ಞಾನ ಕೇಂದ್ರದ ನಿರ್ದೇಶಕರಾಗಿದ್ದವರು ಇವರೇ ಎಂಬುದನ್ನು ಜ್ಞಾಪಿಸಿಕೊಳ್ಳಬಹುದು.

ಅಮೆರಿಕದಲ್ಲಿ ಧರ್ಮಗ್ರಂಥವನ್ನು ಸಂಶೋಧನೆಯನ್ನು ತಡೆಯುವುದಕ್ಕೆ ಎತ್ತಿ ಹಿಡಿದರು. ಇಲ್ಲಿ ಸಂಶೋಧನೆ ನಮ್ಮದೇ ಎನ್ನುವುದಕ್ಕೆ ಎತ್ತಿ ಹಿಡಿದರು. ಎರಡನೆಯದು ಮೊದಲನೆಯದಕ್ಕಿಂತ ಉದಾರವೆಂದು ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ತಡೆಯುವವನು ಭ್ರೂಣವೆಂದರೇನು ಎಂಬ ಪ್ರಶ್ನೆಯನ್ನಾದರೂ ಕೇಳುತ್ತಾನೆ.

ಆ ಮೂರು ಸಂತತಿಗಳ ಕಥೆಗೆ ಮರಳೋಣ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಮಿತ್ರದಾಸ್ ಪಣಿಕ್ಕರ್ ಅವರ ಪ್ರಯೋಗಶಾಲೆಯಲ್ಲಿ ಅವು ರೂಪುಗೊಳ್ಳುತ್ತಿದ್ದವು. ಪಟ್ಟಿಯಲ್ಲಿ ಹೆಸರು ಬಂದುದರಿಂದ ಜಗತ್ತಿನ ಪತ್ರಿಕೆಗಳು ಬೆಂಗಳೂರಿನತ್ತ ನೋಡಿದವು. ಆದರೆ ಪಟ್ಟಿಯಲ್ಲಿದ್ದವುಗಳಲ್ಲಿ ಬಹುಪಾಲು ಬಳಕೆಗೆ ಒದಗಲಿಲ್ಲ. ಕಡೆಗೆ ಸಂಶೋಧಕರ ಕೈಸೇರಿದವು ಸುಮಾರು ೨೧ ಮಾತ್ರ, ಅವುಗಳಲ್ಲಿ ಭಾರತದ್ದು ಒಂದೂ ಇರಲಿಲ್ಲ. ಸಂಶೋಧನೆ ಮಾತ್ರ ನಿಲ್ಲಲಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡವು ಎರಡು ಸೋದರ ಸಂತತಿಗಳನ್ನು ಪಡೆಯಿತು. ಅವುಗಳ ವಿವರ ೨೦೧೦ರ ವೇಳೆಗೆ ಪ್ರಕಟವಾಗಿದ್ದಿತು. ಚಿಕಿತ್ಸೆಗೆ ತಕ್ಕವಲ್ಲವೆಂದು ವೈದ್ಯರು ಬದಿಗಿರಿಸಿದ ಭ್ರೂಣಗಳಿಂದ ಅವು ಬಂದುವೆಂಬುದು ಗಮನಾರ್ಹ. ಹೇಗೂ ಬೆಳೆಯದೆ ಹೋಗುವ ಭ್ರೂಣದ ವಿಷಯದಲ್ಲಿ ನಾಶವೆಂಬ ಪದದ ಅರ್ಥ ಬದಲಾಗುವುದಿಲ್ಲವೇ ಎಂದು ಒಂದು ಪಕ್ಷ ಕೇಳುತ್ತದೆ. ಸಾಯುವವನ ದೇಹವೂ ನಮ್ಮದಾಗದು ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ.

೨೦೦೬ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರು ಇಲಿಯ ಸಾಧಾರಣ ಕೋಶವನ್ನೇ ನಾಲ್ಕು ವಂಶವಾಹಿಗಳ ನೆರವಿನಿಂದ ಆಕರಕೋಶದ ಸ್ಥಿತಿಗೆ ಮರಳಿಸಿದರು, ಮರುವರ್ಷ ಮಾನವಕೋಶವನ್ನೂ. ೨೦೧೨ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇದರಿಂದ ವಾದ ಮುಗಿಯಿತೆಂದು ಅನೇಕರು ಬರೆದಿದ್ದಾರೆ. ವಾದವು ಸ್ಥಳ ಬದಲಿಸಿತೆಂಬುದು ನಮ್ಮ ಅಭಿಪ್ರಾಯ. ೨೦೧೬ರಿಂದ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳು ಆಕರಕೋಶ ವಿಜ್ಞಾನ ಸಂಸ್ಥೆಯೊಡನೆ ಕೂಡಿ, ತೀವ್ರ ಮನೋರೋಗವು ಹಲವರಲ್ಲಿ ಕಂಡುಬಂದ ಕುಟುಂಬಗಳ ಸದಸ್ಯರ ರಕ್ತದಿಂದ ಇಂತಹ ಕೋಶಗಳನ್ನು ಸಿದ್ಧಪಡಿಸಿ ಅಧ್ಯಯನ ಮಾಡತೊಡಗಿದವು. ಇಲ್ಲಿ ಭ್ರೂಣವಿಲ್ಲ. ಆದರೆ ಒಪ್ಪಿಗೆ ಕೊಡಬೇಕಾದವರು ರೋಗಿಗಳು, ಅವರ ತಂದೆತಾಯಿಗಳು. ಅವರ ಕೋಶಗಳು ಅವರಿಗಿಂತ ಹೆಚ್ಚು ಕಾಲ ಬದುಕುವಂಥವು.

ಸರ್ಕಾರದ ನಿಯಮಗಳ ಚರಿತ್ರೆಯಲ್ಲಿ ಒಂದು ಪದದ ಚರಿತ್ರೆ ಅಡಗಿದೆ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ೨೦೦೭ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಹೆಸರು ಆಕರಕೋಶ ಸಂಶೋಧನೆ ಮತ್ತು ಚಿಕಿತ್ಸೆಯನ್ನು ಕುರಿತದ್ದು. ೨೦೧೩ರ ಪರಿಷ್ಕರಣದಲ್ಲಿ ಹೆಸರಿನಿಂದ ‘ಚಿಕಿತ್ಸೆ’ ಎಂಬ ಪದವನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟರು. ರಕ್ತಸಂಬಂಧಿ ರೋಗಗಳಿಗೆ ಮಾಡುವ ಮಜ್ಜೆಯ ಆಕರಕೋಶ ಕಸಿಯ ಹೊರತು ಸ್ಥಾಪಿತವಾದ ಚಿಕಿತ್ಸೆ ಯಾವುದೂ ಅಂದಿಗಿರಲಿಲ್ಲವಾದುದೇ ಕಾರಣ. ೨೦೧೭ರ ಪರಿಷ್ಕರಣವೂ ಅದೇ ದಾರಿಯಲ್ಲಿ ನಡೆದು, ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಅದರ ಸ್ವಂತ ಭವಿಷ್ಯದ ಬಳಕೆಗೆಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದಿತು. ಇಷ್ಟಾದರೂ ಪಾರ್ಶ್ವವಾಯುವಿಗೆ, ಮಕ್ಕಳ ಆಟಿಸಂಗೆ, ಬೆನ್ನುಹುರಿಯ ಪೆಟ್ಟಿಗೆ ಆಕರಕೋಶದ ಚುಚ್ಚುಮದ್ದಿನ ಆಸೆ ತೋರಿಸಿ ಹಣ ಪಡೆದವರು ದೇಶದ ನಗರಗಳಲ್ಲಿ ಕಡಮೆಯೇನಲ್ಲ. ಭ್ರೂಣದ ಆತ್ಮವನ್ನು ಕುರಿತು ಪಂಡಿತರು ವಾದಿಸುತ್ತಿರುವಾಗ ಹೊಲ ಮಾರಿ ಚಿಕಿತ್ಸೆ ಕೊಂಡ ತಂದೆಯ ಸಂಕಟಕ್ಕೆ ಧರ್ಮವೂ ವಿಜ್ಞಾನವೂ ಸಾಕಷ್ಟು ಬಾಯಿಕೊಡಲಿಲ್ಲವೆಂದು ಹೇಳದೆ ವಿಧಿಯಿಲ್ಲ.

ಅದೇ ಮಾರ್ಗಸೂಚಿಗಳು ಮಿಕ್ಕುಳಿದ ಭ್ರೂಣಗಳ ಮೇಲೆ, ದಾನಿಗಳ ಒಪ್ಪಿಗೆ ಮತ್ತು ಸಮಿತಿಗಳ ಅನುಮತಿ ಇದ್ದಲ್ಲಿ, ಸಂಶೋಧನೆಯನ್ನು ಸಮ್ಮತಿಸುತ್ತವೆ; ಹದಿನಾಲ್ಕು ದಿನಗಳಿಗೆ ಮೀರಿ ಭ್ರೂಣವನ್ನು ಪಾತ್ರೆಯಲ್ಲಿ ಬೆಳೆಸುವುದನ್ನು ನಿಷೇಧಿಸುತ್ತವೆ. ಈ ಹದಿನಾಲ್ಕು ಯಾವ ಧರ್ಮಗ್ರಂಥದ ಸಂಖ್ಯೆಯೂ ಅಲ್ಲ. ಬ್ರಿಟನ್ನಿನ ವಾರ್ನಾಕ್ ಸಮಿತಿಯು ೧೯೮೪ರಲ್ಲಿ, ಭ್ರೂಣದಲ್ಲಿ ಬೆನ್ನಿನ ಮೊದಲ ಗೆರೆ ಮೂಡುವ ಕಾಲವನ್ನು ನೋಡಿ, ಸೂಚಿಸಿದ ಮಿತಿ.

೨೦೨೧ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯು ೨೦೨೨ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಭ್ರೂಣವನ್ನು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕಾಪಿಡುವಂತಿಲ್ಲ. ಅವಧಿ ಮುಗಿದಾಗ ಅದು ನಶಿಸಲು ಬಿಡಬೇಕು, ಇಲ್ಲವೆ ದಂಪತಿಗಳ ಒಪ್ಪಿಗೆಯಿಂದ ನೋಂದಾಯಿತ ಸಂಶೋಧನ ಸಂಸ್ಥೆಗೆ ಕೊಡಬೇಕು. ಕಾಯಿದೆ ಬಂದ ವರ್ಷದಲ್ಲಿ ಜಯನಗರದಲ್ಲಿಯೋ ಬನ್ನೇರುಘಟ್ಟ ರಸ್ತೆಯಲ್ಲಿಯೋ ಶೀತಪಾತ್ರೆಗೆ ಸೇರಿದ ಭ್ರೂಣಗಳಿಗೆ ಆ ಅವಧಿ ೨೦೩೨ರಲ್ಲಿ ತೀರುತ್ತದೆ. ಬುಷ್ ಅವರು ದೂರದರ್ಶನದಲ್ಲಿ ಎದುರಿಸಿದ ಪ್ರಶ್ನೆಯು ಆಗ ಇಲ್ಲಿನ ದಂಪತಿಗಳ ಮುಂದೆ ಸಹಿ ಹಾಕಬೇಕಾದ ಒಂದು ಕಾಗದವಾಗಿ ಬರಲಿದೆ.