ಬೇಸಿಗೆ ರಜೆಯಲ್ಲಿ ಸ್ಪ್ಯಾನಿಷ್ ಕಲಿಕೆ

"ಕೋಶ ಓದು, ದೇಶ ನೋಡು" ಎಂಬುದು ನಮ್ಮ ಹಿರಿಯರ ಮಾತು. ಭಾಷೆಯ ಕಲಿಕೆಯಲ್ಲಿ ಇವೆರಡನ್ನೂ ಒಂದುಗೂಡಿಸಿದ ಪದ್ಧತಿಯೊಂದು ಪಾಶ್ಚಾತ್ಯ ದೇಶಗಳಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಸಾವಿರಾರು ವಿದ್ಯಾರ್ಥಿಗಳು ಸ್ಪ್ಯಾನಿಷ್ ಕಲಿಯುವುದಕ್ಕಾಗಿ ಸ್ಪೇನ್, ಮೆಕ್ಸಿಕೊ, ಗ್ವಾಟೆಮಾಲ ಮೊದಲಾದ ದೇಶಗಳಿಗೆ ಹೊರಡುತ್ತಾರೆ. ಅವರು ಅಲ್ಲಿ ಮಾಡುವುದೇನು, ಆ ಕಲಿಕೆ ಫಲಿಸುವುದು ಹೇಗೆ, ಅದರಿಂದ ನಾವು ತಿಳಿಯತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಸ್ಪ್ಯಾನಿಷ್ ಮೂಲತಃ ಸ್ಪೇನ್ ದೇಶದ ಭಾಷೆ. 1492ರ ಬಳಿಕ ಸ್ಪೇನಿನವರು ಸಮುದ್ರದಾಚೆ ಕಟ್ಟಿದ ಸಾಮ್ರಾಜ್ಯದಿಂದಾಗಿ ಇಂದು ಸುಮಾರು 20 ದೇಶಗಳಲ್ಲಿ ಅದು ಆಡಳಿತದ ಭಾಷೆಯಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದೊಳಗೇ 4 ಕೋಟಿಗಿಂತ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಆದುದರಿಂದ ಅಲ್ಲಿನ ಹೈಸ್ಕೂಲುಗಳಲ್ಲಿ ಅತಿ ಹೆಚ್ಚು ವಿದ್ಯಾರ್ಥಿಗಳು ಆರಿಸಿಕೊಳ್ಳುವ ಪರಭಾಷೆ ಇದೇ. ಆದರೆ ತರಗತಿಯಲ್ಲಿ ಎರಡು ಮೂರು ವರ್ಷ ವ್ಯಾಕರಣ ಓದಿದವನೂ ಅಂಗಡಿಗೆ ಹೋಗಿ ನಾಲ್ಕು ಮಾತಾಡಲು ತಡವರಿಸುವುದುಂಟು. ನೀರಿಗಿಳಿಯದೆ ಈಜು ಬಾರದಷ್ಟೆ.

ಈ ಕೊರತೆಯನ್ನು ನೀಗಿಸಲು ಇಂಡಿಯಾನಾ ವಿಶ್ವವಿದ್ಯಾನಿಲಯವು 1962ರಲ್ಲಿ ತನ್ನ ರಾಜ್ಯದ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಒಂದು ಯೋಜನೆಯನ್ನು ಆರಂಭಿಸಿತು. ಶಾಲೆಯಲ್ಲಿ ಭಾಷೆಯ ತಳಹದಿ ಹಾಕಿಕೊಂಡವರನ್ನು ಆಯ್ದು, ಬೇಸಿಗೆಯಲ್ಲಿ ಹಲವು ವಾರಗಳ ಮಟ್ಟಿಗೆ ಹೊರದೇಶಕ್ಕೆ ಕಳುಹಿಸುವುದೇ ಆ ಯೋಜನೆ. ಸ್ಪ್ಯಾನಿಷ್ ಕಲಿಯುವವರು ಮೆಕ್ಸಿಕೊದ ಸಾನ್ ಲೂಯಿಸ್ ಪೊಟೊಸಿ, ಸ್ಪೇನಿನ ಲೆಯೋನ್ ಮುಂತಾದ ಊರುಗಳಿಗೆ ಹೋದರು. ಹೋಗುವ ಮೊದಲು ಪ್ರತಿಯೊಬ್ಬನೂ ಒಂದು ಪ್ರತಿಜ್ಞೆ ಮಾಡಬೇಕಿತ್ತು: ಅಲ್ಲಿರುವಷ್ಟು ದಿನ ಕಲಿಯುವ ಭಾಷೆಯಲ್ಲೇ ಮಾತಾಡುತ್ತೇನೆ, ಜತೆಗೆ ಬಂದ ಗೆಳೆಯರೊಡನೆಯೂ ಇಂಗ್ಲಿಷ್ ಆಡುವುದಿಲ್ಲ. ವಾಸ್ತವ್ಯ ಹಾಸ್ಟೆಲಿನಲ್ಲಲ್ಲ, ಊರಿನ ಒಂದು ಕುಟುಂಬದೊಡನೆ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 4 ಗಂಟೆ ಪಾಠ, ವಾರಕ್ಕೆ 5 ದಿನ, ಹೀಗೆ 6 ವಾರವೆಂದರೆ ಒಟ್ಟು 120 ಗಂಟೆ. ಅಮೆರಿಕದ ವಿದೇಶಾಂಗ ಇಲಾಖೆಯಾದರೋ ತನ್ನ ಅಧಿಕಾರಿಗಳು ಕೆಲಸಕ್ಕೆ ಬೇಕಾದಷ್ಟು ಸ್ಪ್ಯಾನಿಷ್ ಕಲಿಯಲು ಸುಮಾರು 600ರಿಂದ 750 ಗಂಟೆಗಳ ಪಾಠ ಬೇಕೆಂದು ಎಣಿಸಿದೆ. ಹಾಗಾದರೆ ತರಗತಿಯೊಂದರಿಂದಲೇ ಆರು ವಾರಗಳಲ್ಲಿ ಭಾಷೆ ಕೈವಶವಾಗದು ಎಂಬುದು ಸ್ಪಷ್ಟ. ಉಳಿದುದನ್ನು ತುಂಬಿಕೊಡಬೇಕಾದುದು ಮನೆ ಮತ್ತು ಬೀದಿ. ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ, ರಾತ್ರಿಯದು ಒಂಬತ್ತರ ಬಳಿಕ. ಊಟವಾದ ಮೇಲೂ ಮನೆಮಂದಿ ಎದ್ದುಹೋಗದೆ ಬಹಳ ಹೊತ್ತು ಮಾತಾಡುತ್ತಾ ಕುಳಿತಿರುತ್ತಾರೆ. ಈ ಹರಟೆಗೆ ಅವರಲ್ಲಿ "ಸೊಬ್ರೆಮೆಸಾ" ಎಂಬ ಪ್ರತ್ಯೇಕ ಹೆಸರೇ ಇದೆ. ಉಪ್ಪು ಬೇಕಾದರೆ ಕೇಳಬೇಕು, ತಲೆನೋವು ಬಂದರೆ ಹೇಳಬೇಕು. ಅಗತ್ಯವೇ ಇಲ್ಲಿ ಗುರು.

ಹೊಸ ಭಾಷೆಯ ವಾಕ್ಯರಚನೆಯೂ ಹೀಗೆ ಬಳಸಿ ಬಳಸಿಯೇ ಮನಸ್ಸಿಗೆ ಹತ್ತುತ್ತದೆ. "ನನಗೆ ಕಾಫಿ ಇಷ್ಟ" ಎನ್ನಲು ಸ್ಪ್ಯಾನಿಷಿನಲ್ಲಿ "ಮೆ ಗುಸ್ತಾ ಎಲ್ ಕಫೆ" ಎನ್ನುತ್ತಾರೆ. ಇಲ್ಲಿ "ಮೆ" ಎಂದರೆ "ನನಗೆ". ಇಂಗ್ಲಿಷಿನಲ್ಲಿ "ನಾನು" ಎಂದೇ ಆರಂಭಿಸಿ ಅಭ್ಯಾಸವಾದ ಹುಡುಗನಿಗೆ ಇದು ಬಹಳ ತೊಡಕು. ಕನ್ನಡದ ಮಕ್ಕಳಿಗೆ ತೊಡಕೆಲ್ಲಿಯದು? ನಾವು ಹುಟ್ಟಿನಿಂದ ಆಡುವುದೇ ಹಾಗೆ. "ಆಬ್ಲೊ" ಎಂದರೆ "ಮಾತಾಡುತ್ತೇನೆ", "ಆಬ್ಲಾಮೊಸ್" ಎಂದರೆ "ಮಾತಾಡುತ್ತೇವೆ". ಕನ್ನಡದಂತೆ ಅಲ್ಲಿಯೂ ಕ್ರಿಯಾಪದದ ಕೊನೆಯೇ ಮಾತಾಡುವವರು ಯಾರೆಂದು ತಿಳಿಸುವುದರಿಂದ "ನಾನು", "ನಾವು" ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ನಮ್ಮ "ನೀನು", "ನೀವು" ಎಂಬ ಭೇದದಂತೆ ಅವರಲ್ಲಿ ಸಲಿಗೆಗೆ "ತು", ಗೌರವಕ್ಕೆ "ಉಸ್ತೆದ್" ಎಂಬ ಪದಗಳಿವೆ. ಇದರಿಂದ ನಾವು ಒಂದು ಸಂಗತಿಯನ್ನು ಗಮನಿಸಬೇಕು. ತನ್ನ ಭಾಷೆಯನ್ನು ಚೆನ್ನಾಗಿ ಬಲ್ಲವನು ಬರಿಗೈಯಲ್ಲಿ ಇನ್ನೊಂದು ಭಾಷೆಯ ಬಾಗಿಲಿಗೆ ಹೋಗುವುದಿಲ್ಲ.

ಹೊರದೇಶಕ್ಕೆ ಹೋದವರಿಗೆಲ್ಲ ಭಾಷೆ ತಾನಾಗಿಯೇ ಬಂದುಬಿಡುತ್ತದೆ ಎಂದೂ ಭಾವಿಸಬಾರದು. ಬಾರ್ಬರಾ ಫ್ರೀಡ್ ಮತ್ತು ಸಂಗಡಿಗರು ಫ್ರೆಂಚ್ ಕಲಿಯುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2004ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಫ್ರಾನ್ಸಿಗೆ ಹೋಗಿ ಕಲಿತವರಿಗಿಂತ, ತಮ್ಮ ದೇಶದಲ್ಲೇ ಬೇಸಿಗೆಯಲ್ಲಿ ಫ್ರೆಂಚಿನಲ್ಲೇ ಎಲ್ಲ ವ್ಯವಹಾರ ನಡೆಸುತ್ತಾ ಕಲಿತವರ ಮಾತು ಹೆಚ್ಚು ಸರಾಗವಾಯಿತೆಂದು ಅದರಲ್ಲಿ ಕಂಡುಬಂತು. ಕಾರಣ ಸರಳ. ಫ್ರಾನ್ಸಿನಲ್ಲಿದ್ದವರು ತರಗತಿಯ ಹೊರಗೆ ಫ್ರೆಂಚಿಗಿಂತ ಇಂಗ್ಲಿಷನ್ನೇ ಹೆಚ್ಚು ಆಡುತ್ತಿದ್ದರು. ವಿಮಾನದ ಟಿಕೇಟಿನಿಂದ ಭಾಷೆ ಬರುವುದಿಲ್ಲ, ಬಳಸಿದರೆ ಬರುತ್ತದೆ.

ಇನ್ನು ಗ್ವಾಟೆಮಾಲ ದೇಶದ ಕಡೆಗೆ ನೋಡೋಣ. ಅಲ್ಲಿನ ಆಂಟಿಗುವಾ ಎಂಬ ಹಳೆಯ ಪಟ್ಟಣವು ಸ್ಪ್ಯಾನಿಷ್ ಶಾಲೆಗಳಿಗೆ ಹೆಸರಾದುದು. ಒಬ್ಬ ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕರು ಎದುರುಬದುರು ಕುಳಿತು ಪಾಠ ಹೇಳುವುದು ಅಲ್ಲಿಯ ರೂಢಿ. ಆದರೆ ಸ್ಪ್ಯಾನಿಷ್ ಆ ದೇಶದ ಎಲ್ಲರ ಮನೆಮಾತಲ್ಲ. ಅಲ್ಲಿ 22 ಮಾಯಾ ಭಾಷೆಗಳಿವೆ. ಮನೆಯಲ್ಲಿ ಮಾಯಾ ಭಾಷೆಯನ್ನಾಡುವ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ಕೇವಲ ಸ್ಪ್ಯಾನಿಷಿನಲ್ಲೇ ಪಾಠ ನಡೆಯುತ್ತಿತ್ತು. ಅಮೆರಿಕದ ಹುಡುಗನೂ ಈ ಮಗುವೂ ಮುಳುಗುವುದು ಒಂದೇ ನೀರಿನಲ್ಲಿ. ಆದರೆ ಅವನಿಗೆ ಆರು ವಾರಗಳಾದ ಮೇಲೆ ಮರಳಲು ತನ್ನ ಭಾಷೆಯ ದಡವಿದೆ, ಅವನ ಭಾಷೆಗೆ ಶಾಲೆಯ ಆಸರೆಯೂ ಇದೆ. ಮಗುವಿಗೆ ಆ ಆಸರೆ ಇಲ್ಲವಾದಾಗ ಹೊಸ ಭಾಷೆ ಬರುತ್ತದೆ, ಹಳೆಯದು ಹೋಗುತ್ತದೆ. ಇದನ್ನರಿತು ಆಂಟಿಗುವಾದ ಫ್ರಾನ್ಸಿಸ್ಕೊ ಮರ್ರೊಕಿನ್ ಭಾಷಾ ಸಂಸ್ಥೆಯು 1970ರ ದಶಕದಲ್ಲಿ ಮಾಯಾ ಜನರಿಗೇ ಭಾಷಾಶಾಸ್ತ್ರದ ತರಬೇತಿ ಕೊಟ್ಟಿತು. ಪರದೇಶದವರಿಗೆ ಸ್ಪ್ಯಾನಿಷ್ ಕಲಿಸಿ ಬಂದ ಹಣವನ್ನು ಮಾಯಾ ಭಾಷೆಗಳ ಕೆಲಸಕ್ಕೆ ಬಳಸಿತು. 2003ರಲ್ಲಿ ಆ ದೇಶವು ಕಾನೂನಿನ ಮೂಲಕ ಈ ಭಾಷೆಗಳಿಗೆ ಮಾನ್ಯತೆಯನ್ನೂ ನೀಡಿತು.

ಗಡಿನಾಡಿನವರಾದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮಕ್ಕಳು ಅನೇಕ ಭಾಷೆಗಳ ನಡುವೆಯೇ ಬೆಳೆದಿದ್ದಾರೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಕನ್ನಡ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿಯೂ ಬಸ್ಸಿನಲ್ಲಿಯೂ ಮಲಯಾಳ. ಅನ್ಯರು ಹಣ ತೆತ್ತು ಹುಡುಕಿಕೊಂಡು ಹೋಗುವ ಅವಕಾಶ ನಮಗೆ ಮನೆಯಂಗಳದಲ್ಲೇ ಒದಗಿದೆ. ವಿದ್ಯಾರ್ಥಿಗಳು ಇದನ್ನು ಉಪಯೋಗಿಸಿಕೊಳ್ಳಬೇಕು. ನೆರೆಯವರೊಡನೆ ಮಲಯಾಳದಲ್ಲಿ ನಾಚದೆ ಮಾತಾಡಲಿ. ಇಂಗ್ಲಿಷ್ ಕಲಿಯುವ ಗೆಳೆಯರು ನಾಲ್ಕೈದು ಮಂದಿ ಕೂಡಿ, ದಿನಕ್ಕೆ ಅರ್ಧ ಗಂಟೆ ಬೇರೆ ಭಾಷೆ ಆಡುವುದಿಲ್ಲವೆಂದು ಪ್ರತಿಜ್ಞೆ ಮಾಡಿಕೊಳ್ಳಲಿ. ತಪ್ಪಿದರೆ ನಗಲಿ, ಆದರೆ ನಿಲ್ಲಿಸದಿರಲಿ.

ಹೆತ್ತವರಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಕನ್ನಡದಲ್ಲಿ ಓದಿದ ಮಗುವಿಗೆ ಬೇರೆ ಭಾಷೆ ಬಾರದೆಂಬ ಅಳುಕು ಬೇಡ. ಬೇರೆ ಭಾಷೆ ಬರಲೆಂದು ಮನೆಯ ಮಾತನ್ನು ನಿಲ್ಲಿಸುವುದೂ ಬೇಡ. ರಾತ್ರಿಯೂಟವಾದ ಮೇಲೆ ಸ್ಪೇನಿನವರಂತೆ ಅರ್ಧ ಗಂಟೆ ಮಕ್ಕಳೊಡನೆ ಕುಳಿತು ನಮ್ಮ ಮಾತಿನಲ್ಲೇ ಸುಖದುಃಖ ಹೇಳಿಕೊಳ್ಳೋಣ. ಒಂದು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿಸೋಣ. ದಡ ಭದ್ರವಾಗಿದ್ದರೆ ಮಕ್ಕಳು ಯಾವ ನೀರಿಗೂ ಧೈರ್ಯದಿಂದ ಇಳಿದಾರು.