ಮೊಣಕೈ ಎತ್ತ ಬಾಗಬೇಕು?

ನಿಡೋಣಿಯಿಂದ ವಿಜಯಪುರದ ಕಾಲೇಜಿಗೆ ನಿತ್ಯವೂ ಬಸ್ಸಿನಲ್ಲಿ ಬಂದು ಹೋಗುವ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ತನ್ನ ಅಜ್ಜಿಯನ್ನು ಕುರಿತು ಎರಡು ನಿಮಿಷದ ಚಲಿಸುವ ಚಿತ್ರವೊಂದನ್ನು ಗಣಕಯಂತ್ರದಲ್ಲಿ ರಚಿಸತೊಡಗಿದ್ದನು. ಅಜ್ಜಿ ಜೋಳದ ರೊಟ್ಟಿ ಬಡಿಯುವಳು, ಅದನ್ನು ಹಂಚಿನ ಮೇಲೆ ತಿರುವಿ ಹಾಕುವಳು, ಬೆಂದುದನ್ನು ತಲೆಯ ಮೇಲಿನ ನೆಲುವಿನ ಬುಟ್ಟಿಯಲ್ಲಿಡುವಳು, ಕಥೆ ಇಷ್ಟೇ. ಮುಖ, ಸೀರೆ, ಒಲೆ ಎಲ್ಲವೂ ಚೆನ್ನಾಗಿಯೇ ಮೂಡಿದ್ದವು. ಆದರೆ ಕೈ ಆಡತೊಡಗಿದೊಡನೆ ಮೊಣಕೈ ಹಠಾತ್ತನೆ ಮೇಲಕ್ಕೆ ನೆಗೆಯುತ್ತಿತ್ತು. ಅಜ್ಜಿ ಅದನ್ನು ನೋಡಿ, "ಯಪ್ಪಾ, ನನ್ನ ಕೈ ಯಾವಾಗ ಮುರಿದಿತ್ತೋ?" ಎಂದಳಂತೆ. ಹುಡುಗನು ಬೇಸತ್ತು, ಕೈಗಳನ್ನು ಬಿಟ್ಟು ಮುಖವನ್ನಷ್ಟೇ ತೋರಿಸುವುದೆಂದು ನಿಶ್ಚಯಿಸಿ, ಕೊನೆಯ ಪ್ರಯತ್ನವಾಗಿ ನನ್ನಲ್ಲಿಗೆ ಬಂದನು. ರೊಟ್ಟಿ ಬಡಿಯುವ ಅಜ್ಜಿಯಲ್ಲಿ ಕೈಗಳನ್ನೇ ತೆಗೆದರೆ ಉಳಿಯುವುದೇನು? ನಾವಿಬ್ಬರೂ ಕುಳಿತು ನೋಡಿದೆವು.

ಇಂಥ ಚಿತ್ರಗಳಲ್ಲಿನ ದೇಹದೊಳಗೆ ಕಣ್ಣಿಗೆ ಕಾಣದ ಎಲುಬುಗಳ ಸರಪಳಿಯಿರುತ್ತದೆ. ತೋಳು ತಿರುಗಿದರೆ ಮುಂಗೈ ಅದರೊಡನೆ ತಿರುಗುವುದು, ಮುಂಗೈ ತಿರುಗಿದರೆ ಹಸ್ತ. ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಕೋನಗಳನ್ನು ಒಂದೊಂದಾಗಿ ಹೊಂದಿಸಿ ಅಂಗೈಯನ್ನು ಸರಿಯಾಗಿ ಹಿಟ್ಟಿನ ಮೇಲೆಯೇ ತಂದಿಡುವುದು ಬಹಳ ತ್ರಾಸದ ಕೆಲಸ. ಆದುದರಿಂದ ಚಿತ್ರಕಾರರು ಲೆಕ್ಕವನ್ನು ತಿರುಗಿಸುತ್ತಾರೆ. ಹಸ್ತವು ಎಲ್ಲಿರಬೇಕೆಂಬುದನ್ನು ತಾವು ಹೇಳಿ, ನಡುವಣ ಕೋನಗಳನ್ನು ಯಂತ್ರಕ್ಕೆ ಬಿಡುತ್ತಾರೆ.

ಇದು ನಮ್ಮ ನಾಡಿಗೆ ಹೊಸದೇನಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಗಳನ್ನು ಕೆಲವರಾದರೂ ನೋಡಿರಬಹುದು. ಕರ್ನಾಟಕದ ಸೂತ್ರದ ಗೊಂಬೆಗಳಿಗೆ ಭುಜ, ಮೊಣಕೈ, ಸೊಂಟ, ಮಂಡಿಗಳಲ್ಲಿ ಕೀಲುಗಳಿರುತ್ತವೆ; ಆಡಿಸುವುದು ಐದರಿಂದ ಏಳು ದಾರಗಳಿಂದ. ಸೂತ್ರಧಾರನು ಹಸ್ತದ ದಾರವನ್ನು ಎತ್ತುತ್ತಾನೆ, ಮೊಣಕೈಯ ಚಿಂತೆಯನ್ನು ಮಾಡುವುದೇ ಇಲ್ಲ. ಹಾಗಾದರೆ ಅವನ ಗೊಂಬೆಯ ಮೊಣಕೈ ಏಕೆ ನೆಗೆಯುವುದಿಲ್ಲ?

ಉತ್ತರಕ್ಕಾಗಿ ನಿಮ್ಮ ಅಂಗೈಯನ್ನು ಮೇಜಿನ ಮೇಲೆ ಒತ್ತಿಡಿ. ಭುಜವನ್ನಾಗಲಿ ಅಂಗೈಯನ್ನಾಗಲಿ ಕದಲಿಸದೆ ಮೊಣಕೈಯನ್ನು ಮಾತ್ರ ಮೇಲಕ್ಕೂ ಕೆಳಕ್ಕೂ ಆಡಿಸಿ. ಅದು ಒಂದು ವೃತ್ತದ ಭಾಗದಲ್ಲಿ ಚಲಿಸುವುದನ್ನು ಕಾಣುವಿರಿ. ಭುಜದಿಂದ ಮಣಿಕಟ್ಟಿಗೆ ಎಳೆದ ಸರಳರೇಖೆಯೇ ಆ ವೃತ್ತದ ಅಕ್ಷ. ಎರಡು ತುದಿಗಳು ನಿಶ್ಚಿತವಾದ ಮಾತ್ರಕ್ಕೆ ಮೊಣಕೈಯ ಸ್ಥಾನ ನಿಶ್ಚಿತವಾಗುವುದಿಲ್ಲ; ಗಣಿತದ ದೃಷ್ಟಿಯಿಂದ ಆ ವೃತ್ತದ ಪ್ರತಿಯೊಂದು ಬಿಂದುವೂ ಸರಿಯುತ್ತರವೇ. ಗೊಂಬೆಯಲ್ಲಿ ಭೂಮಿಯ ಗುರುತ್ವವು ಅವುಗಳಲ್ಲಿ ಅತಿ ಕೆಳಗಿನದನ್ನು ಆರಿಸುತ್ತದೆ. ಗಣಕಯಂತ್ರದ ಎಲುಬಿಗೆ ತೂಕವೆಂಬುದಿಲ್ಲವಷ್ಟೆ. ಹೇಳುವವರಿಲ್ಲದಿದ್ದರೆ ಅದು ಒಂದು ಕ್ಷಣ ಈ ಬಿಂದುವನ್ನೂ ಮರುಕ್ಷಣ ಎದುರಿನ ಬಿಂದುವನ್ನೂ ಹಿಡಿಯಬಲ್ಲುದು.

ಪರಿಹಾರ ಸುಲಭ. ಮೊಣಕೈ ಯಾವ ಕಡೆಗೆ ಮುಖಮಾಡಬೇಕೋ ಆ ಕಡೆ, ತುಸು ದೂರದಲ್ಲಿ, ಒಂದು ಗುರುತನ್ನು ನೆಡಬೇಕು. ಬ್ಲೆಂಡರ್ ತಂತ್ರಾಂಶದಲ್ಲಿ ಇದಕ್ಕೆ ಪೋಲ್ ಟಾರ್ಗೆಟ್ ಎಂದು ಹೆಸರು. ಎಲುಬುಗಳನ್ನು ಮೊದಲು ಜೋಡಿಸುವಾಗಲೇ ಮೊಣಕೈಯಲ್ಲಿ ಅಲ್ಪ ಬಾಗು ಇರಿಸುವುದೂ ಅವಶ್ಯ. ನಮ್ಮ ಹುಡುಗನು ಎರಡೆಲುಬುಗಳನ್ನೂ ಕೋಲಿನಂತೆ ನೇರವಾಗಿ ಇಟ್ಟಿದ್ದನು. ಎತ್ತ ಮಡಿಯಬೇಕೆಂಬ ಸೂಚನೆಯೇ ಅದರಲ್ಲಿರಲಿಲ್ಲ.

ನೆಗೆತ ನಿಂತಿತು, ಆದರೆ ಕೈ ಪೂರ್ತಿ ಚಾಚಿದಾಗ ಮೊಣಕೈ ಇನ್ನೂ ಬೆಚ್ಚಿಬೀಳುತ್ತಿತ್ತು. "ಸರ್, ಇದರಾಗ ಏನೋ ಕೆಟ್ಟೈತ್ರಿ" ಎಂದನು ಹುಡುಗ. ಏನೂ ಕೆಟ್ಟಿರಲಿಲ್ಲ, ತ್ರಿಕೋನದ ಸ್ವಭಾವವೇ ಹಾಗೆ. ತೋಳು, ಮುಂಗೈ ತಲಾ 30 ಸೆಂಟಿಮೀಟರ್ ಇವೆಯೆಂದಿಟ್ಟುಕೊಳ್ಳೋಣ. ಕೈ ನೇರವಾದಾಗ ಭುಜಕ್ಕೂ ಮಣಿಕಟ್ಟಿಗೂ 60 ಸೆಂಟಿಮೀಟರ್ ಅಂತರ. ಅದನ್ನು 59ಕ್ಕೆ ಇಳಿಸಿರಿ. ಪೈಥಾಗೊರಸನ ಪ್ರಮೇಯದಂತೆ ಮೊಣಕೈ ಸುಮಾರು 5.5 ಸೆಂಟಿಮೀಟರ್ ಪಕ್ಕಕ್ಕೆ ಸರಿಯುವುದು, ಕೀಲು ಸುಮಾರು 21 ಡಿಗ್ರಿ ಮಡಿಯುವುದು! ಅದೇ ಅಂತರವು 40ರಿಂದ 39ಕ್ಕೆ ಇಳಿದಾಗ ಕೀಲಿನ ಕೋನ ಬದಲಾಗುವುದು ಕೇವಲ 2.5 ಡಿಗ್ರಿಯಷ್ಟು. ಅನುಭವಿ ಚಿತ್ರಕಾರರು ಕೈಯನ್ನು ಪೂರ್ತಿ ನೇರಗೊಳಿಸದೆ ಕೂದಲೆಳೆಯಷ್ಟು ಬಾಗು ಉಳಿಸುವುದು ಇದಕ್ಕಾಗಿಯೇ. ಈ ಲೆಕ್ಕವನ್ನು ಓದುಗರು ಕಾಗದದ ಮೇಲೆ ಒಮ್ಮೆ ಮಾಡಿ ನೋಡಬೇಕು. ಯಂತ್ರದ ಮೇಲಿನ ಸಿಟ್ಟು ಅರ್ಧದಷ್ಟು ಇಳಿಯುತ್ತದೆ.

ನೆಲುವಿನ ದೃಶ್ಯದಲ್ಲಿ ತೊಂದರೆ ಬೇರೆಯೇ. ನಿಮ್ಮ ಕೈಯನ್ನು ಗೋಡೆಯತ್ತ ಮುಂದೆ ಚಾಚಿ. ಅದನ್ನು ಎಡಬಲಕ್ಕೆ ತಿರುಗಿಸಬಹುದು, ಮೇಲೆ ಕೆಳಗೆ ಆಡಿಸಬಹುದು, ಬೀಗದ ಕೈಯಂತೆ ತನ್ನ ಉದ್ದದ ಸುತ್ತ ತಿರುಚಲೂಬಹುದು. ಭುಜಕ್ಕೆ ಈ ಮೂರು ಕೋನಗಳನ್ನು ಇದೇ ಕ್ರಮದಲ್ಲಿ ಕೊಟ್ಟಿರುತ್ತೇವೆ. ಈಗ ಕೈಯನ್ನು ನೆಟ್ಟಗೆ ಮೇಲಕ್ಕೆತ್ತಿ. ಕೈಯ ಉದ್ದವೇ ಲಂಬರೇಖೆಯಾಯಿತು. ಎಡಬಲಕ್ಕೆ ತಿರುಗಿಸಿದರೂ ತಿರುಚಿದರೂ ಆಗುವುದು ಒಂದೇ ಕ್ರಿಯೆ! ಮೂರು ಹಿಡಿಕೆಗಳಿದ್ದರೂ ಎರಡು ಮಾತ್ರ ಕೆಲಸ ಮಾಡುತ್ತವೆ; ಅಲ್ಲಿಂದ ಪಕ್ಕಕ್ಕೆ ಹೊರಳಲು ಯಂತ್ರವು ಒಂದು ಕೋನವನ್ನು ಗಿರ್ರನೆ ಸುತ್ತಿಸುತ್ತದೆ. ಇದನ್ನು ಗಿಂಬಲ್ ಲಾಕ್ ಎನ್ನುವರು. ಭ್ರಮಣಗಳ ಕ್ರಮವನ್ನು ಬದಲಿಸಿ, ಅತಿ ಕಡಿಮೆ ಆಡುವ ಅಕ್ಷವನ್ನು ನಡುವೆ ಇಟ್ಟರೆ ಬಹುಮಟ್ಟಿಗೆ ಪಾರಾಗಬಹುದು. ಇನ್ನೊಂದು ದಾರಿ ಕ್ವಾಟರ್ನಿಯನ್ ಎಂಬ ನಾಲ್ಕಂಕಿಗಳ ಗಣಿತ. 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ಕಾಲುವೆಯ ದಡದಲ್ಲಿ ನಡೆಯುತ್ತಿದ್ದ ಹ್ಯಾಮಿಲ್ಟನ್ನನಿಗೆ ಅದರ ಸೂತ್ರ ಹೊಳೆದು, ಅಲ್ಲಿನ ಸೇತುವೆಯ ಕಲ್ಲಿನ ಮೇಲೆಯೇ ಕೆತ್ತಿದನೆಂಬುದು ಪ್ರಸಿದ್ಧ. 1985ರಲ್ಲಿ ಕೆನ್ ಶೂಮೇಕ್ ಎಂಬವರು ಬರೆದ ಪ್ರಬಂಧದಿಂದ ಅದು ಚಲಿಸುವ ಚಿತ್ರಗಳ ಕೆಲಸದಲ್ಲಿ ಹೆಸರಾಯಿತು.

ಉಳಿದುದು ರೊಟ್ಟಿ ತಿರುವುವಾಗ ಮಣಿಕಟ್ಟು ಪೆಪ್ಪರಮಿಂಟಿನ ಕಾಗದದ ತುದಿಯಂತೆ ಸಣ್ಣಗೆ ಹಿಂಡಿಹೋಗುತ್ತಿದ್ದುದು. ಅಲ್ಲಿನ ಚರ್ಮದ ಬಿಂದುಗಳ ಸ್ಥಾನವನ್ನು ಯಂತ್ರವು ಮುಂಗೈ, ಹಸ್ತಗಳೆರಡರ ಸರಾಸರಿಯಿಂದ ಪಡೆಯುತ್ತದೆ. ಹಸ್ತವು 180 ಡಿಗ್ರಿ ತಿರುಗಿದಾಗ ಎದುರುಬದುರಾದ ಎರಡು ಬಿಂದುಗಳ ಸರಾಸರಿ ಎಲ್ಲಿ ಬೀಳುವುದು? ನಡುಮಧ್ಯದಲ್ಲಿ. ನಮ್ಮ ದೇಹದಲ್ಲಾದರೋ ಮುಂಗೈಯ ರೇಡಿಯಸ್ ಎಲುಬು ಅಲ್ನಾ ಎಲುಬಿನ ಮೇಲೆ ಅಡ್ಡ ಹಾಯ್ದು, ತಿರುಚನ್ನು ಮೊಣಕೈಯವರೆಗೂ ಹಂಚುತ್ತದೆ. ಹುಡುಗನು ಮುಂಗೈಯಲ್ಲಿ ಎರಡು ಎಲುಬುಗಳನ್ನು ಹೆಚ್ಚಿಗೆ ಸೇರಿಸಿ 60, 120, 180 ಎಂದು ಹಂಚಿಟ್ಟನು.

ಮುಂದಿನ ವಾರ ಅಜ್ಜಿಗೆ ಮತ್ತೆ ತೋರಿಸಿದನಂತೆ. ಅವಳು ಕೈಯ ಮಾತನ್ನೇ ಎತ್ತಲಿಲ್ಲ. "ಕೆಳಗ ಒಣ ಹಿಟ್ಟು ಹಾಕಿಲ್ಲಲ್ಲೋ, ರೊಟ್ಟಿ ಅಂಟತೈತಿ" ಎಂದಳು.